ಯಾರ ಬಾಗಿಲ ಮುಂದೆ ಕೂರೋದು?

ಹೋದ ತಿಂಗಳು ಒಂದು ಶನಿವಾರ ನಮ್ಮ ಆಫೀಸಿನಲ್ಲಿ ಇಂಟರ್‌ವ್ಯೂ ಇತ್ತು. ನನ್ನ ಪಾಲಿಗೆ ಏಳು ಜನ ಬಂದಿದ್ದರು. ಒಬ್ಬೊಬ್ಬರಿಗೆ ನಲವತ್ತು ನಿಮಿಷ. ಐದನೆಯವರು ಒಬ್ಬ ಹೆಣ್ಣುಮಗಳು, ನನಗಿಂತ ಎರಡು ಮೂರು ವರ್ಷ ಚಿಕ್ಕವರಿರಬಹುದು. ರೆಸ್ಯೂಮೆಯಲ್ಲಿ ನಾಲ್ಕು ವರ್ಷ ಖಾಲಿ. ಕೇಳಿದೆ. 'ಮನೇಲಿ ಸ್ವಲ್ಪ ಕಷ್ಟ ಇತ್ತು ಸರ್' ಅಂದರು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಲಾಜಿಕ್ಕಿನ ಪ್ರಶ್ನೆಗೆಲ್ಲ ಚೆನ್ನಾಗೇ ಉತ್ತರ ಕೊಟ್ಟರು. ಈ ಎರಡು ವರ್ಷದಲ್ಲಿ ಬಂದ ಟೂಲ್‌ಗಳ ವಿಷಯಕ್ಕೆ ಬಂದಾಗ ತಡವರಿಸಿದರು. ಫಾರಂನಲ್ಲಿ 'ಬೇಡ' ಅಂತ ಟಿಕ್ ಹಾಕಿ, ಕಾರಣದ ಜಾಗದಲ್ಲಿ 'ನಾಲ್ಕು ವರ್ಷದ ಗ್ಯಾಪ್' ಅಂತ ಬರೆದು, ಟೀ ಕುಡಿಯೋಕೆ ಹೋದೆ. ಅಷ್ಟೇ. ಆರನೆಯವರು ಬರುವಷ್ಟರಲ್ಲಿ ಐದನೆಯವರ ಹೆಸರೂ ಮರೆತಿತ್ತು.

ಸಂಜೆ ಮನೆಗೆ ಹೋಗುವಾಗ ಬಸ್ಸು ಟಾಟಾ ಇನ್ಸ್ಟಿಟ್ಯೂಟ್ ಗೇಟಿನ ಹತ್ತಿರ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿತು. ಬೋರ್ಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅಂತ ಇದ್ದರೂ ಕಂಡಕ್ಟರುಗಳ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್ಸ್ಟಿಟ್ಯೂಟೇ. ಆ ಗೇಟು ನೋಡಿದಾಗೆಲ್ಲ ನನಗೆ ಒಂದು ಕಥೆ ನೆನಪಾಗತ್ತೆ. ಅವತ್ತು ಮಾತ್ರ ಆ ಕಥೆ ಹೊಟ್ಟೆಯೊಳಗೆ ಚುಚ್ಚಿದ ಹಾಗಾಯ್ತು. ಏಕೆಂದರೆ ಆ ಕಥೆಯಲ್ಲಿ ನಾನು ಯಾವಾಗಲೂ ಬಾಗಿಲ ಹೊರಗೆ ಕೂತವರ ಪಕ್ಷ ಅಂದುಕೊಂಡಿದ್ದೆ.

1933ನೇ ಇಸವಿ. ಕಮಲಾ ಭಾಗವತ್ ಅನ್ನೋ ಹುಡುಗಿ ಬಾಂಬೆ ವಿಶ್ವವಿದ್ಯಾಲಯದಿಂದ ಬಿಎಸ್ಸಿ ಮುಗಿಸಿದ್ದಳು. ಕೆಮಿಸ್ಟ್ರಿ ಮುಖ್ಯ, ಫಿಸಿಕ್ಸ್ ಜೊತೆಗೆ. ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಅಪ್ಪ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ಕೆಮಿಸ್ಟ್‌ಗಳು, ಇದೇ ಟಾಟಾ ಇನ್ಸ್ಟಿಟ್ಯೂಟಿನ ಮೊದಮೊದಲ ತಂಡಗಳಲ್ಲಿ ಓದಿದವರು. ಹಾಗಾಗಿ ಮುಂದಿನ ಓದು ಎಲ್ಲಿ ಅನ್ನೋದಕ್ಕೆ ಮನೆಯಲ್ಲಿ ಚರ್ಚೆಯೇ ಇರಲಿಲ್ಲ. ಅರ್ಜಿ ಹಾಕಿದಳು. ಬೇಡ ಅಂತ ಉತ್ತರ ಬಂತು. ಅಂಕ ಸಾಲದು ಅಂತಲ್ಲ. ಹೆಣ್ಣು ಅಂತ.

ಬೇಡ ಅಂದವರು ಯಾರು? ಸಂಸ್ಥೆಯ ಆಗಿನ ನಿರ್ದೇಶಕರು, ಸರ್ ಸಿ.ವಿ. ರಾಮನ್. ನೊಬೆಲ್ ಬಂದು ಮೂರೇ ವರ್ಷ ಆಗಿತ್ತು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ನಮ್ಮೂರ ಶಾಲೆಯ ಗೋಡೆ ಮೇಲೆ ಪೇಟ ಸುತ್ತಿದ ಅವರ ಫೋಟೋ ಇತ್ತು. ಫೆಬ್ರವರಿ 28 ಬಂತು ಅಂದರೆ ಆ ಫೋಟೋಗೆ ಹಾರ, ನಮಗೆಲ್ಲ ಒಂದೊಂದು ಪೆಪ್ಪರ್‌ಮೆಂಟು, ಮೇಷ್ಟ್ರ ಭಾಷಣ. ನಾನು ಸೈನ್ಸ್ ತಗೊಳ್ಳಬೇಕು ಅಂತ ಆಸೆ ಹುಟ್ಟಿದ್ದೇ ಆ ಫೋಟೋದ ಕೆಳಗೆ. ಅದಕ್ಕೇ ಈ ಕಥೆ ಮೊದಲ ಸಲ ಓದಿದಾಗ ಸುಳ್ಳಿರಬೇಕು ಅನ್ನಿಸಿತ್ತು. ಸುಳ್ಳಲ್ಲ, ಕಮಲಾ ಅವರೇ ತಮ್ಮ ಇಳಿವಯಸ್ಸಿನಲ್ಲಿ ಸಭೆಯಲ್ಲಿ ನಿಂತು ಹೇಳಿಕೊಂಡ ಮಾತು.

ಬೇಡ ಅಂದಾಗ ಕಮಲಾ ಮನೆಯಲ್ಲಿ ಅಳುತ್ತಾ ಕೂರಲಿಲ್ಲ. ಬೆಂಗಳೂರಿಗೇ ಬಂದಳು. ಅದು ಗಾಂಧೀಜಿಯ ಕಾಲ, ಸತ್ಯಾಗ್ರಹ ಅನ್ನೋ ಪದ ಎಲ್ಲರ ಬಾಯಲ್ಲೂ ಇತ್ತು. ನಿರ್ದೇಶಕರ ಕಚೇರಿಯ ಮುಂದೆ ಹೋಗಿ, ಸೇರಿಸಿಕೊಳ್ಳುವವರೆಗೆ ಇಲ್ಲಿಂದ ಏಳಲ್ಲ ಅಂತ ಕೂತಳು. ರಾಮನ್ ಕೊನೆಗೆ ಒಪ್ಪಿದರು, ಷರತ್ತು ಹಾಕಿ. ಒಂದು ವರ್ಷ ಅವಳು ರೆಗ್ಯುಲರ್ ವಿದ್ಯಾರ್ಥಿ ಅಲ್ಲ, ಪ್ರೊಬೇಷನ್. ಗೈಡು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಕೆಲಸ ತಮಗೆ ತೃಪ್ತಿ ಆಗುವವರೆಗೆ ಅದಕ್ಕೆ ಮಾನ್ಯತೆ ಇಲ್ಲ. ಮತ್ತೆ, ಲ್ಯಾಬಿನ ವಾತಾವರಣ ಕೆಡಿಸಬಾರದು. ಅಂದರೆ ಗಂಡು ಹುಡುಗರ ಗಮನ ಇವಳ ಕಡೆ ಹರಿಯಬಾರದು. ಹರಿದರೆ ತಪ್ಪು ಇವಳದು!

ಪ್ರೊಬೇಷನ್ ಅನ್ನೋದು ನಮ್ಮ ಸಾಫ್ಟ್‌ವೇರಿನವರಿಗೆ ಹೊಸದೇನಲ್ಲ. ಸೇರಿದ ಎಲ್ಲರಿಗೂ ಆರು ತಿಂಗಳು ಇರತ್ತೆ. ಎಲ್ಲರಿಗೂ ಇದ್ದರೆ ಅದು ನಿಯಮ. ಒಬ್ಬಳಿಗೇ ಹಾಕಿದರೆ ಅದಕ್ಕೆ ಬೇರೆ ಹೆಸರಿದೆ.

ಎಂ. ಶ್ರೀನಿವಾಸಯ್ಯ ಅನ್ನೋ ಅಧ್ಯಾಪಕರು ಅವಳ ಗೈಡ್ ಆದರು. ಶಿಸ್ತಿನ ಮನುಷ್ಯ, ಆದರೆ ಕಲಿಯೋರಿಗೆ ಮನಸ್ಸು ಬಿಚ್ಚಿ ಕಲಿಸುವವರು. ಹಾಲಿನಲ್ಲಿ, ಬೇಳೆಕಾಳಿನಲ್ಲಿ ಇರುವ ಪ್ರೋಟೀನುಗಳ ಮೇಲೆ ಕಮಲಾ ಕೆಲಸ ಮಾಡಿದಳು. ಅಂದಿನ ಬಡದೇಶಕ್ಕೆ ಅದು ಊಟದ ಪ್ರಶ್ನೆ. ವರ್ಷ ಮುಗಿಯಿತು, ರಾಮನ್‌ಗೆ ತೃಪ್ತಿಯಾಯಿತು, 1936ರಲ್ಲಿ ಡಿಸ್ಟಿಂಕ್ಷನ್ನಿನಲ್ಲಿ ಎಂಎಸ್ಸಿ ಬಂತು. ಆಮೇಲೆ ಕೇಂಬ್ರಿಡ್ಜ್. ಅಲ್ಲಿ ಆಲೂಗೆಡ್ಡೆ ಮೇಲೆ ಕೆಲಸ ಮಾಡುತ್ತಾ, ಗಿಡಗಳ ಜೀವಕೋಶದಲ್ಲೂ ಸೈಟೋಕ್ರೋಮ್ ಸಿ ಅನ್ನೋ ವಸ್ತು ಇದೆ, ಉಸಿರಾಟದ ಕ್ರಿಯೆಯಲ್ಲಿ ಅದರ ಪಾತ್ರ ಇದೆ ಅಂತ ತೋರಿಸಿದರು. ಹದಿನಾಲ್ಕೇ ತಿಂಗಳಲ್ಲಿ ಪಿಎಚ್‌ಡಿ. ಥೀಸಿಸ್ ಬರೀ ನಲವತ್ತು ಪುಟ. (ನಮ್ಮ ಪ್ರಾಜೆಕ್ಟಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸೋ ಡಾಕ್ಯುಮೆಂಟು ಅರವತ್ತು ಪುಟ ಇರತ್ತೆ, ಇರಲಿ.)

ಕಥೆ ಇಲ್ಲಿಗೇ ನಿಲ್ಲಿಸಿದರೆ ಗೆದ್ದವಳ ಕಥೆ ಆಗತ್ತೆ. ವಾಟ್ಸಾಪಿನಲ್ಲಿ ಹಾಗೇ ಓಡಾಡತ್ತೆ ಕೂಡ. ಆದರೆ ನನ್ನನ್ನು ಕಾಡೋದು ಒಳಗೆ ಕೂತಿದ್ದ ಮನುಷ್ಯ. ಬೇಡ ಅಂತ ಬರೆದ ಆ ಕೈ, ತಾನೇ ಎಷ್ಟು 'ಬೇಡ'ಗಳನ್ನು ದಾಟಿ ಬಂದಿತ್ತು ಅಂತ ನೋಡಿ.

1907ರಲ್ಲಿ ರಾಮನ್ ಮದರಾಸಿನಲ್ಲಿ ಎಂಎ ಮುಗಿಸಿದಾಗ ಅವರಿಗೆ ಹದಿನೆಂಟು ವರ್ಷ. ಆಗಲೇ ಹೊರದೇಶದ ಪತ್ರಿಕೆಯಲ್ಲಿ ಲೇಖನ ಬಂದಿತ್ತು. ಆ ಕಾಲದಲ್ಲಿ ಅಂಥ ಹುಡುಗ ಇಂಗ್ಲೆಂಡಿಗೆ ಹೋಗಬೇಕು, ಅದು ವಾಡಿಕೆ. ಮೇಷ್ಟ್ರುಗಳೂ ಅದನ್ನೇ ಹೇಳಿದರು. ಆದರೆ ಮದರಾಸಿನ ಸಿವಿಲ್ ಸರ್ಜನ್ ಪರೀಕ್ಷೆ ಮಾಡಿ, ಈ ಬಡಕಲು ಮೈ ಇಂಗ್ಲೆಂಡಿನ ಹವೆ ತಡೆಯೋದಿಲ್ಲ ಅಂತ ಹೇಳಿಬಿಟ್ಟ. ಮುಗೀತು. ಒಬ್ಬ ಡಾಕ್ಟರು, ಒಂದು ತಪಾಸಣೆ. ಭಾರತದಲ್ಲಿ ಆಗ ವಿಜ್ಞಾನ ಓದಿದವನಿಗೆ ಸಂಶೋಧನೆಯ ಕೆಲಸವೇ ಇರಲಿಲ್ಲ. ಹಾಗಾಗಿ ಹುಡುಗ ಹಣಕಾಸು ಇಲಾಖೆಯ ಪರೀಕ್ಷೆ ಬರೆದ, ಮೊದಲ ಸ್ಥಾನ ಬಂದ, ಕಲ್ಕತ್ತೆಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದ. ಬೆಳಕಿನ ಗುಟ್ಟು ಹಿಡಿಯಬೇಕಾದವನು ಲೆಕ್ಕಪತ್ರದ ಕಡತ ಹಿಡಿದ.

ಕಲ್ಕತ್ತೆಯಲ್ಲಿ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ಒಂದು ಬೋರ್ಡು ಕಣ್ಣಿಗೆ ಬಿತ್ತು, ವಿಜ್ಞಾನ ಬೆಳೆಸುವ ಭಾರತೀಯ ಸಂಘದ್ದು. ಹೆಚ್ಚುಕಮ್ಮಿ ಯಾರೂ ಬಳಸದೆ ಧೂಳು ಹಿಡಿದಿದ್ದ ಲ್ಯಾಬು. ಬೆಳಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸು ಬಿಟ್ಟ ಮೇಲೆ, ಹತ್ತು ವರ್ಷ ಅಲ್ಲಿ ಕೆಲಸ ಮಾಡಿದರು. ಅವರು ಹೋಗುತ್ತಿದ್ದ ದಾರಿಯಲ್ಲಿ ಆ ಬೋರ್ಡು ಇಲ್ಲದೇ ಹೋಗಿದ್ದರೆ? ಅದನ್ನು ಯೋಚಿಸೋಕೆ ನನಗೆ ಧೈರ್ಯ ಸಾಲದು.

1917ರಲ್ಲಿ ಇನ್ನೊಂದು ತೊಡಕು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಲಿತ್ ಪೀಠದ ಪ್ರೊಫೆಸರ್ ಹುದ್ದೆ ಸಿಗುವುದರಲ್ಲಿತ್ತು. ಆದರೆ ದತ್ತಿಯ ನಿಯಮದಲ್ಲಿ, ಪ್ರೊಫೆಸರ್ ಆಗುವವನು ಹೊರದೇಶದಲ್ಲಿ ತರಬೇತಿ ಪಡೆದಿರಬೇಕು ಅಂತ ಇತ್ತು. ಹೋಗಿ ಬನ್ನಿ ಅಂದರೆ ರಾಮನ್ ಒಪ್ಪಲಿಲ್ಲ. ಆಗ ಅಶುತೋಷ್ ಮುಖರ್ಜಿ ಅನ್ನೋ ಪುಣ್ಯಾತ್ಮರು ಏನು ಮಾಡಿದರು ಗೊತ್ತೇ? ಮನುಷ್ಯನನ್ನು ಬಿಡಲಿಲ್ಲ, ನಿಯಮವನ್ನೇ ಸಡಿಲ ಮಾಡಿಸಿದರು. ಈ ಸಂಗತಿ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ರಾಮನ್ ಪರಿಣಾಮ ಅಂತ ನಾವು ಪಾಠದಲ್ಲಿ ಓದೋದರ ಹಿಂದೆ ನಿಯಮ ಬಗ್ಗಿಸಿದ ಒಬ್ಬ ಮನುಷ್ಯ ಇದ್ದಾನೆ ಅಂತ ನಮ್ಮ ಮೇಷ್ಟ್ರು ಹೇಳಿರಲೇ ಇಲ್ಲ.

ಆ ಸಿವಿಲ್ ಸರ್ಜನ್ನಿನ ತೀರ್ಪು ಏನಾಯ್ತು ಅಂದ್ರೆ, 1921ರಲ್ಲಿ ರಾಮನ್ ಇಂಗ್ಲೆಂಡಿಗೆ ಹೋದರು, ಗಟ್ಟಿಮುಟ್ಟಾಗಿ ವಾಪಸ್ ಬಂದರು. ಆ ಪ್ರಯಾಣದಲ್ಲೇ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ತಲೆಯಲ್ಲಿ ಹುಳ ಬಿಟ್ಟುಕೊಂಡಿದ್ದು, ಆ ಹುಳವೇ 1928ರ ಶೋಧದವರೆಗೆ ಕರಕೊಂಡು ಹೋಗಿದ್ದು. ಆ ಬಡಕಲು ಮೈ 82 ವರ್ಷ ಬದುಕಿತು.

ಇಷ್ಟೆಲ್ಲ ಅನುಭವಿಸಿದವರು ಬಾಗಿಲಿಗೆ ಬಂದ ಹುಡುಗಿಗೆ ಬೇಡ ಅಂದರಲ್ಲ, ಹೇಗೆ? ತಾನು ನೊಂದವನು ಬೇರೆಯವರ ನೋವು ಅರೀತಾನೆ ಅಂತೀವಿ. ನನಗೆ ಆ ಮಾತಿನ ಮೇಲೆ ಈಗ ಅಷ್ಟು ನಂಬಿಕೆ ಇಲ್ಲ. ನೊಂದವನು ತನ್ನಂಥವನ ನೋವು ಅರೀತಾನೆ, ಅಷ್ಟೇ. ತನ್ನಂಥವನು ಯಾರು ಅನ್ನೋ ಪಟ್ಟಿ ಬಹಳ ಚಿಕ್ಕದಿರತ್ತೆ. ಹಾಗಂತ ರಾಮನ್‌ಗೆ ಕರುಣೆ ಇರಲಿಲ್ಲ ಅಂತಲ್ಲ. ಅದೇ ವರ್ಷಗಳ, ಅದೇ ಕ್ಯಾಂಪಸ್ಸಿನ ಇನ್ನೊಂದು ಘಟನೆ ಕೇಳಿ.

1933ರಲ್ಲಿ ಹಿಟ್ಲರನ ಸರ್ಕಾರ ಯೆಹೂದಿ ಪ್ರೊಫೆಸರುಗಳನ್ನು ಕೆಲಸದಿಂದ ಕಿತ್ತುಹಾಕಿತು. ಕೆಲಸ ಕಳಕೊಂಡವರಲ್ಲಿ ಮ್ಯಾಕ್ಸ್ ಬಾರ್ನ್ ಒಬ್ಬರು. ಕ್ವಾಂಟಂ ಮೆಕ್ಯಾನಿಕ್ಸ್ ಕಟ್ಟಿದ ದೊಡ್ಡವರ ಸಾಲಿನವರು. ಅಂಥವರನ್ನು ಬೆಂಗಳೂರಿಗೆ ತಂದರೆ ನಮ್ಮ ದೇಶದ ಭೌತಶಾಸ್ತ್ರದ ದಿಕ್ಕೇ ಬದಲಾಗತ್ತೆ ಅಂತ ಕಂಡುಕೊಂಡವರು ರಾಮನ್. 1935ರ ಕೊನೆಗೆ ಬಾರ್ನ್ ಹೆಂಡತಿಯ ಜೊತೆ ಇಲ್ಲಿಗೆ ಬಂದರು, ಆರು ತಿಂಗಳು ಇದ್ದರು. ಅವರಿಗೆ ಇಲ್ಲೇ ಖಾಯಂ ಹುದ್ದೆ ಕೊಡಿಸಬೇಕು ಅಂತ ರಾಮನ್ ಪ್ರೊಫೆಸರುಗಳ ಸಭೆಯಲ್ಲಿ ಹೊಗಳಿ ಮಾತಾಡಿದರು. ಬಾರ್ನ್ ಅಲ್ಲೇ ಕೂತಿದ್ದರು. ಆಗ ಆಸ್ಟನ್ ಅನ್ನೋ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಯಾಕೆ ಅನ್ನೋ ಅರ್ಥದಲ್ಲಿ ಮಾತಾಡಿದ. ಆಸ್ಟನ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದವನು. ನಮ್ಮ ಜಾತಿಯವನೇ ಅನ್ನಿ, ಬಿಇ ಜಾತಿ. ಬಾರ್ನ್ ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಐವತ್ತು ದಾಟಿದ ಮನುಷ್ಯ. ಹುದ್ದೆ ಆಗಲಿಲ್ಲ. ಎಡಿನ್‌ಬರೋಗೆ ಹೋದರು. ಆ ಎರಡನೇ ದರ್ಜೆಯವರಿಗೆ 1954ರಲ್ಲಿ ನೊಬೆಲ್ ಬಂತು.

ಲೆಕ್ಕ ಹಾಕಿ ನೋಡಿ. ಬಾರ್ನ್ ಸಭೆಯಿಂದ ಎದ್ದು ಮನೆಗೆ ನಡೆದುಹೋದ ಆ ಚಳಿಗಾಲದಲ್ಲಿ, ಅದೇ ಕ್ಯಾಂಪಸ್ಸಿನಲ್ಲಿ ಕಮಲಾ ಎಂಎಸ್ಸಿಯ ಕೊನೆಯ ಹಂತದಲ್ಲಿದ್ದರು. ಒಂದೇ ಮರದ ನೆರಳಲ್ಲಿ ಇಬ್ಬರೂ ಎದುರುಬದುರಾಗಿ ಹಾದುಹೋಗಿರಲೂಬಹುದು. ಒಬ್ಬರು ಹುಟ್ಟಿದ ಕುಲಕ್ಕೆ, ಇನ್ನೊಬ್ಬರು ಹುಟ್ಟಿದ ಮೈಗೆ ತೀರ್ಪು ಹೊತ್ತವರು. ಬಾರ್ನ್ ಪರವಾಗಿ ಎದ್ದು ನಿಂತ ರಾಮನ್, ಕಮಲಾ ವಿಷಯದಲ್ಲಿ ಆಸ್ಟನ್ ಆಗಿದ್ದರು.

ಮತ್ತೆ ಆ ಕುರ್ಚಿಯೂ ಉಳಿಯಲಿಲ್ಲ. ರಾಮನ್ ಭೌತಶಾಸ್ತ್ರಕ್ಕೇ ಎಲ್ಲ ಸುರೀತಾರೆ, ಉಳಿದ ವಿಭಾಗ ಸೊರಗ್ತಿವೆ ಅಂತ ದೂರುಗಳಿದ್ದವು. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. 1936ರಲ್ಲಿ ಜೇಮ್ಸ್ ಇರ್ವಿನ್ ಅವರ ಪರಿಶೀಲನಾ ಸಮಿತಿ ಬಂತು, ವರದಿ ಕೊಟ್ಟಿತು, 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಬರೀ ಪ್ರೊಫೆಸರ್ ಆಗಿ ಅದೇ ಆವರಣದಲ್ಲಿ ಇನ್ನೂ ಹನ್ನೊಂದು ವರ್ಷ ಇದ್ದರು. ತಾನು ಆಳಿದ ಕಚೇರಿಯ ಮುಂದೆ ದಿನಾ ಓಡಾಡಿಕೊಂಡು.

ಕಮಲಾ ಆದಮೇಲೆ ರಾಮನ್ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿದರು. ತಮ್ಮ ಸ್ವಂತ ಲ್ಯಾಬಿಗೇ ಸೇರಿಸಿಕೊಂಡರು. ಇದನ್ನೂ ಹೇಳದಿದ್ದರೆ ನಾನು ಅವರಿಗೆ ಅನ್ಯಾಯ ಮಾಡಿದ ಹಾಗೆ. ಒಬ್ಬ ಹುಡುಗಿ ಬಾಗಿಲಲ್ಲಿ ಕೂತಿದ್ದರಿಂದ ಅವರ ತಲೆಯೊಳಗಿನ ಏನೋ ಸ್ವಲ್ಪ ಅಲುಗಾಡಿತ್ತು. 1940ರಲ್ಲಿ ಅಲ್ಲಿಗೆ ಬಂದವರು ಆನ್ನಾ ಮಾಣಿ.

ಆನ್ನಾ ಅವರ ಊರು ಕೇರಳದ ಪೀರುಮೇಡು, ಏಲಕ್ಕಿ ತೋಟದ ಅನುಕೂಲಸ್ಥ ಮನೆ. ಎಂಟು ಮಕ್ಕಳಲ್ಲಿ ಏಳನೆಯವರು. ಆ ಮನೆಯಲ್ಲಿ ಗಂಡುಮಕ್ಕಳನ್ನು ಕೆಲಸಕ್ಕೆ ತಯಾರು ಮಾಡ್ತಿದ್ದರು, ಹೆಣ್ಣುಮಕ್ಕಳನ್ನು ಮದುವೆಗೆ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆ ಕೊಡೋಕೆ ಬಂದರೆ, ಈ ಹುಡುಗಿ ಓಲೆ ಬೇಡ, ವಿಶ್ವಕೋಶದ ಪುಸ್ತಕ ಕೊಡಿಸಿ ಅಂದಳಂತೆ. ಬೆಂಗಳೂರಿಗೆ ಬಂದಮೇಲೆ ಮಾಡಿದ ಕೆಲಸ ಏನು ಅಂದ್ರೆ, ವಜ್ರದ್ದೇ! ರಾಮನ್‌ಗೆ ವಜ್ರದ ಹುಚ್ಚು ಹಿಡಿದಿದ್ದ ಕಾಲ ಅದು. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ದ್ರವಗಾಳಿಯ ತಣ್ಣನೆಯಲ್ಲಿಟ್ಟು ಅವುಗಳಿಂದ ಬರುವ ಬೆಳಕನ್ನು ಫೋಟೋ ಪ್ಲೇಟಿನ ಮೇಲೆ ಹಿಡಿಯಬೇಕು. ಒಂದೊಂದು ಪ್ಲೇಟಿಗೆ ಹದಿನೈದು ಇಪ್ಪತ್ತು ಗಂಟೆ. ರಾತ್ರಿಯೆಲ್ಲ ಲ್ಯಾಬಿನಲ್ಲೇ. ಆದರೂ ಅಲ್ಲಿ ಹುಡುಗ ಹುಡುಗಿಯರು ಮಾತಾಡಿಕೊಂಡು ಓಡಾಡಿದರೆ ರಾಮನ್‌ಗೆ ಹಿಡಿಸುತ್ತಿರಲಿಲ್ಲ. ಬೇರೆಯವರ ಜೊತೆ ಚರ್ಚೆ ಮಾಡುತ್ತಾ, ಜಗಳವಾಡುತ್ತಾ ಕಲಿಯುವ ಭಾಗ್ಯ ಹೆಣ್ಣುಮಕ್ಕಳಿಗೆ ಇರಲಿಲ್ಲ. ಎಂಜಿನಿಯರಿಂಗ್ ಓದಿದವರಿಗೆ ಗೊತ್ತು, ಅರ್ಧ ವಿದ್ಯೆ ಕ್ಲಾಸಿನದ್ದು, ಇನ್ನರ್ಧ ಹಾಸ್ಟೆಲ್ ರೂಮಿನದ್ದು.

1942ರಿಂದ 1945ರೊಳಗೆ ಆನ್ನಾ ಒಬ್ಬರೇ ಬರೆದ ಐದು ಲೇಖನಗಳು ಬಂದವು. 1945ರಲ್ಲಿ ಪಿಎಚ್‌ಡಿಗೆ ಥೀಸಿಸ್ ಕಳಿಸಿದರು. ಆಗ ಸಂಸ್ಥೆಯಲ್ಲಿ ಕೆಲಸ ಮಾಡಿದವರಿಗೆ ಪದವಿ ಕೊಡಬೇಕಿದ್ದುದು ಮದರಾಸು ವಿಶ್ವವಿದ್ಯಾಲಯ. ಅವರು ಪದವಿ ಕೊಡಲಿಲ್ಲ. ಕಾರಣ, ಈಕೆಗೆ ಎಂಎಸ್ಸಿ ಇಲ್ಲ. ಆನರ್ಸ್ ಪದವಿ ಇತ್ತು, ಸ್ಕಾಲರ್‌ಶಿಪ್ ಇತ್ತು, ಐದು ವರ್ಷದ ಕೆಲಸ ಇತ್ತು. ಕಾಗದದಲ್ಲಿ ಒಂದು ಕಾಲಂ ಖಾಲಿ ಇತ್ತು.

ಆ ಸಾಲು ಓದಿದಾಗಲೇ ನನಗೆ ನನ್ನ ಐದನೆಯವರು ನೆನಪಾಗಿದ್ದು.

ನಿಯಮ ಬಗ್ಗಿಸೋಕೆ ಅಲ್ಲಿ ಯಾವ ಅಶುತೋಷ್ ಮುಖರ್ಜಿಯೂ ಬರಲಿಲ್ಲ. ಅದೇ ಲ್ಯಾಬಿನಲ್ಲಿ ಸುನಂದಾ ಬಾಯಿ ಅಂತ ಇನ್ನೊಬ್ಬರಿದ್ದರು. ದ್ರವಗಳಲ್ಲಿ ಬೆಳಕು ಚೆದುರುವ ಬಗ್ಗೆ ಸಾಲು ಸಾಲಾಗಿ ಲೇಖನ ಬರೆದವರು. ಅವರಿಗೂ ಪದವಿ ಸಿಗಲಿಲ್ಲ. ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. ಇದಕ್ಕಿಂತ ಹೆಚ್ಚು ನಾನು ಏನು ಬರೆದರೂ ಊಹೆ ಆಗತ್ತೆ.

ಆನ್ನಾ ಅವರಿಗೆ ಭೌತಶಾಸ್ತ್ರವನ್ನೇ ಮುಂದುವರಿಸೋ ಆಸೆ ಇತ್ತು. ಆದರೆ ಇಂಗ್ಲೆಂಡಿಗೆ ಹೋಗಲು ಸಿಕ್ಕ ಸ್ಕಾಲರ್‌ಶಿಪ್ ಹವಾಮಾನದ ಉಪಕರಣಗಳ ತರಬೇತಿಗೆ. ಸರಿ, ಅದನ್ನೇ ಹಿಡಿದರು. 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಆಗ ಮಳೆ ಗಾಳಿ ಅಳೆಯೋ ಸಲಕರಣೆಗೂ ನಾವು ಹೊರಗಿನವರನ್ನೇ ನಂಬಿದ್ದ ಕಾಲ. ಹತ್ತಿರ ಹತ್ತಿರ ನೂರು ಉಪಕರಣಗಳ ನಕ್ಷೆಯನ್ನು ಒಂದು ಪ್ರಮಾಣಕ್ಕೆ ತಂದು ಇಲ್ಲೇ ತಯಾರಿಸೋ ಹಾಗೆ ಮಾಡಿದರು. 1957-58ರಲ್ಲಿ ದೇಶದುದ್ದಕ್ಕೂ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದ ಮೇಲೂ ಸುಮ್ಮನಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಗಾಳಿ, ಬಿಸಿಲು ಅಳೆಯೋ ಸಲಕರಣೆ ಮಾಡೋ ಸಣ್ಣ ಕಾರ್ಖಾನೆ ನಡೆಸಿದರು. ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಗಾಳಿ ಬೀಸತ್ತೆ ಅನ್ನೋ ಲೆಕ್ಕ ಪುಸ್ತಕವಾಗಿ ಬಂದಿದ್ದರ ಹಿಂದೆ ಅವರಿದ್ದಾರೆ. ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಸಾಲಾಗಿ ತಿರುಗೋ ಗಾಳಿಯಂತ್ರ ನೋಡಿದಾಗೆಲ್ಲ ನನಗೆ ಪಿಎಚ್‌ಡಿ ಸಿಗದ ಆ ಹೆಣ್ಣುಮಗಳು ನೆನಪಾಗ್ತಾರೆ. ಪದವಿ ಸಿಗದ ಥೀಸಿಸ್ ಮಾತ್ರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲೇ ಉಳಿಯಿತು.

ನೋಡಿದ್ರಾ, ಪದವಿ ಕೊಡದಿದ್ದದ್ದೇ ಒಳ್ಳೇದಾಯ್ತು, ಅದರಿಂದಲೇ ಇಷ್ಟೆಲ್ಲ ಮಾಡಿದರು ಅಂತ ಯಾರಾದರೂ ಹೇಳಬಹುದು. ಹೇಳ್ತಾರೆ ಕೂಡ. ನನಗೆ ಆ ವಾದ ಕೇಳಿದರೆ ಮೈ ಉರಿಯತ್ತೆ. ಕಲ್ಲು ಹೊಡೆದರೂ ಮರ ಹಣ್ಣು ಬಿಟ್ಟಿತು ಅಂತ ಕಲ್ಲು ಹೊಡೆದವನಿಗೆ ಸನ್ಮಾನ ಮಾಡೋಕಾಗತ್ತಾ? ಆನ್ನಾ ಸ್ವತಃ ಇದನ್ನು ದೊಡ್ಡದು ಮಾಡಲಿಲ್ಲ, ಹೆಣ್ಣು ಅಂತ ತನಗೆ ಅನ್ಯಾಯ ಆಯ್ತು ಅಂತ ಅಂದುಕೊಳ್ಳಲೂ ಇಲ್ಲ. ಅದು ಅವರ ದೊಡ್ಡತನ. ಕಮಲಾ ಹಾಗಲ್ಲ. ರಾಮನ್ ದೊಡ್ಡ ವಿಜ್ಞಾನಿ ಹೌದು, ಆದರೆ ಆ ಅವಮಾನ ಮರೆಯೋಕಾಗಲ್ಲ, ನೊಬೆಲ್ ಪಡೆದವರೇ ಹೀಗಿದ್ದರೆ ಉಳಿದವರಿಂದ ಏನು ನಿರೀಕ್ಷೆ ಮಾಡೋದು ಅನ್ನೋ ಅರ್ಥದಲ್ಲಿ ಅರವತ್ತು ವರ್ಷದ ಮೇಲೂ ಹೇಳಿದರು. ನನಗೆ ಇಬ್ಬರ ಮೇಲೂ ಗೌರವ ಇದೆ, ಆದರೆ ನನ್ನ ಮನಸ್ಸು ಕಮಲಾ ಕಡೆಗೇ ವಾಲತ್ತೆ.

ಕಮಲಾ ಅವರಿಗೂ ಕೇಂಬ್ರಿಡ್ಜಿನ ಡಿಗ್ರಿ ಬಂದಮೇಲೆ ಬಾಗಿಲುಗಳೆಲ್ಲ ತಾನೇ ತೆರೆದುಕೊಳ್ಳಲಿಲ್ಲ. ದೆಹಲಿ, ಕೂನೂರು ಸುತ್ತಿ, 1947ರಲ್ಲಿ ಮದುವೆಯಾಗಿ ಕಮಲಾ ಸೊಹೊನಿ ಆಗಿ ಬಾಂಬೆಗೆ ಹೋದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡುತ್ತಾ, ನೀರಾದಲ್ಲಿ ಎಷ್ಟು ಸತ್ವ ಇದೆ, ಅಪೌಷ್ಟಿಕತೆಯ ಬುಡಕಟ್ಟು ಮಕ್ಕಳಿಗೆ ಅದು ಹೇಗೆ ಒದಗತ್ತೆ ಅಂತ ಕೆಲಸ ಮಾಡಿದರು. ನಮ್ಮ ತೆಂಗಿನ ಸೀಮೆಯಲ್ಲಿ ಈಗ ನೀರಾ ನೀರಾ ಅಂತ ಮಾತಾಡ್ತಾರಲ್ಲ, ಅವರು ಅದನ್ನು ಆ ಕಾಲಕ್ಕೇ ಲ್ಯಾಬಿಗೆ ತಂದಿದ್ದರು. ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ಆದರೂ ಅದೇ ಸಂಸ್ಥೆಯ ನಿರ್ದೇಶಕಿ ಆಗೋಕೆ ನಾಲ್ಕು ವರ್ಷ ಕಾಯಿಸಿದರು. ನಿವೃತ್ತಿಯಾದ ಮೇಲೆ ಬಳಕೆದಾರರ ಸಂಘ ಸೇರಿಕೊಂಡು ಕಲಬೆರಕೆ ಬಗ್ಗೆ ಬರೆದರು. 1998ರಲ್ಲಿ ದೆಹಲಿಯಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಾಗ ಆ ಸಭೆಯಲ್ಲೇ ಕುಸಿದುಬಿದ್ದರು, ಸ್ವಲ್ಪದರಲ್ಲೇ ತೀರಿಕೊಂಡರು.

ಆ ಶನಿವಾರ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಅರಸೀಕೆರೆ ತಾಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಡೈರಿಯ ಸೆಕ್ರೆಟರಿ. ಬೆಳಗ್ಗೆ ಸಂಜೆ ಹಾಲಿನ ಫ್ಯಾಟು, ಡಿಗ್ರಿ ನೋಡಿ ಬರೆದುಕೊಳ್ಳೋದು ಅವಳ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ನಲವತ್ತೊಂದು ಮಾರ್ಕ್ಸ್ ಜಾಸ್ತಿ ತೆಗೆದವಳು. ಅವಳ ರಿಸಲ್ಟ್ ಬಂದ ದಿನ ದೊಡ್ಡಪ್ಪ ಜಗಲಿ ಮೇಲೆ ಕೂತು, 'ಹೆಣ್ಮಗ, ಸೈನ್ಸ್ ತಗಂಡು ಏನ್ಮಾಡ್ತಳೆ, ಆರ್ಟ್ಸ್ ಕೊಡ್ಸು' ಅಂದರು. ಅಪ್ಪ ಹೂಂ ಅಂದರು. ಎಲೆ ಅಡಿಕೆ ಹಾಕಿಕೊಳ್ಳೋ ಅಷ್ಟು ಹೊತ್ತು ಹಿಡಿಯಲಿಲ್ಲ. ಐದು ವರ್ಷ ಆದಮೇಲೆ ಅದೇ ಜಗಲಿ, ಅದೇ ದೊಡ್ಡಪ್ಪ, 'ಗಂಡುಡುಗ, ಸಾಲ ಆದ್ರೂ ಆಗ್ಲಿ, ಸೈನ್ಸ್ ಕೊಡ್ಸು' ಅಂದರು. ನಾನು ಬಿಇ ಆದೆ. ದೊಡ್ಡಪ್ಪ ಕೆಟ್ಟವರಲ್ಲ. ನನ್ನ ಮೊದಲ ಸೆಮಿಸ್ಟರ್ ಫೀಸಿಗೆ ತಮ್ಮ ಕೊಬ್ಬರಿ ಮಾರಿದ ದುಡ್ಡು ಕೊಟ್ಟವರೇ ಅವರು.

ಅಕ್ಕನಿಗೆ ಕಮಲಾ ಕಥೆ ಪೂರ್ತಿ ಹೇಳಿದೆ. ಹಾಲಿನ ಪ್ರೋಟೀನಿನ ಮೇಲೆ ಕೆಲಸ ಮಾಡಿದ್ದಳು ಅಂದಾಗ ನಕ್ಕಳು. 'ಹಂಗಾರೆ ನಮ್ ಡೈರಿಯೋಳೆ' ಅಂದಳು. ಬಾಗಿಲಲ್ಲಿ ಕೂತ ಭಾಗ ಬಂದಾಗ ಮಾತ್ರ ಸುಮ್ಮನಾದಳು. ನಾನು ಉತ್ಸಾಹದಲ್ಲಿ, ನೀನೂ ಹಂಗೆ ಹಟ ಹಿಡಿದು ಕೂರಬೇಕಿತ್ತು ಅಕ್ಕ ಅಂದುಬಿಟ್ಟೆ.

'ಅವಳ ಅಪ್ಪ, ಚಿಕ್ಕಪ್ಪ ಅದೇ ಕಾಲೇಜಲ್ಲಿ ಓದಿದ್ರು ಅಂದ್ಯಲ್ಲೋ. ಅವಳಿಗೆ ಎಲ್ಲಿ ಕೂರಬೇಕು ಅಂತ ಗೊತ್ತಿತ್ತು. ನಾನು ಯಾರ ಬಾಗಿಲ ಮುಂದೆ ಕೂರೋದು? ಬಾಗಿಲ ಒಳಗೂ ನಮ್ಮಪ್ಪನೇ, ಹೊರಗೂ ನಮ್ಮಪ್ಪನೇ.'

ನನಗೆ ಮಾತು ಹೊರಡಲಿಲ್ಲ. ಆಮೇಲೆ ಅವಳೇ, ಸಂಜೆ ಒಬ್ಬರ ಹಾಲಿಗೆ ಡಿಗ್ರಿ ಕಮ್ಮಿ ಬಂತು, ಕ್ಯಾನಿಗೆ ಸುರಿಯೋ ಮುಂಚೆ ಇನ್ನೊಂದು ಸಲ ನೋಡಿದೆ, ಹಸು ಹೊಸದಾಗಿ ಈದಿದೆಯಂತೆ, ಹಿಂಡಿ ಇಲ್ಲವಂತೆ ಅಂತ ಡೈರಿ ಮಾತಿಗೆ ಹೊರಳಿದಳು. ನೀರು ಹಾಕಿದ್ದಾರೆ ಅಂತ ಬರೆಯೋದು ಸುಲಭ, ಬರೆದರೆ ಅವರ ಮನೆ ಹೆಸರು ಊರೆಲ್ಲ ಹೋಗತ್ತಲ್ಲ ಅಂದಳು. ಕರು ಕಿರುಚಿದ ಸದ್ದು ಕೇಳಿ ಫೋನ್ ಇಟ್ಟಳು.

ಸೋಮವಾರ ಬೆಳಗ್ಗೆ ಆಫೀಸಿಗೆ ಹೋದವನೇ ಎಚ್‌ಆರ್ ಹುಡುಗನನ್ನು ಹುಡುಕಿದೆ. ಶನಿವಾರದ ಐದನೆಯವರನ್ನು ಇನ್ನೊಂದು ಸಲ ಕರೀಬಹುದಾ, ಈ ಸಲ ಬೇರೆ ಯಾರಾದರೂ ಮಾತಾಡಲಿ ಅಂತ ಕೇಳಿದೆ. ಅವನು ಸಿಸ್ಟಮ್ಮಿನಲ್ಲಿ ನೋಡಿದ. 'ಅವರಿಗೆ ಭಾನುವಾರವೇ ಮೇಲ್ ಹೋಗಿದೆ ಸರ್, ಇನ್ನು ಆರು ತಿಂಗಳು ಮತ್ತೆ ಕರೆಯೋ ಹಾಗಿಲ್ಲ, ಅದು ನಿಯಮ' ಅಂದ. ನಿಯಮ ಯಾರನ್ನ ಕೇಳಿದರೆ ಬದಲಾಗತ್ತೆ ಅಂತ ಕೇಳಿದೆ. ಅವನು ನನ್ನ ಮುಖ ನೋಡಿ, ಮೂರನೇ ಮಹಡಿಯಲ್ಲಿ ಒಬ್ಬ ಮ್ಯಾನೇಜರ್ ಇದ್ದಾರೆ, ಹನ್ನೊಂದು ಗಂಟೆಗೆ ಬರ್ತಾರೆ ಅಂದ.

ಆಗ ಹತ್ತು ಇಪ್ಪತ್ತಾಗಿತ್ತು. ಮೂರನೇ ಮಹಡಿಗೆ ಹೋಗಿ ಅವರ ಬಾಗಿಲ ಮುಂದೆ ಒಂದು ಕುರ್ಚಿ ಎಳೆದುಕೊಂಡು ಕೂತೆ.